ಉಜ್ಜಿ ತೆಗೆದ ಬೆಳಕು

ಸಾವಿರದ ನೂರೈವತ್ತು ಕೋಟಿ ವರ್ಷಗಳ ಹಿಂದೆ ಹೊರಟ ಬೆಳಕು, ೨೦೦೮ರ ಡಿಸೆಂಬರಿನಲ್ಲಿ, ಪುಣೆಯ ಸಂಶೋಧನಾಲಯವೊಂದರ ಪರದೆಯ ಮೇಲೆ ಮಸುಕು ಮೋಡವಾಗಿ ನಿಂತಿತ್ತು. ಎಳೆಯ ಗ್ಯಾಲಕ್ಸಿಯೊಂದನ್ನು ಸುತ್ತಿಕೊಂಡ ಅನಿಲದ ಮೋಡ. ಅಂಥ ಹನ್ನೆರಡು ಮೋಡಗಳಿಗೆ ಹೊಳಪು ಎಲ್ಲಿಂದ ಬಂತೆಂಬುದೇ ಶಿವಕಾಂತಾಳ ಪಿಎಚ್.ಡಿ.

ಒಳಗೆ ಬೀಳುವ ಅನಿಲ ತಣಿಯುತ್ತಾ ತಾನೇ ಬೆಳಗುತ್ತದೆಂದು ಹಿರಿಯರು ನಂಬಿದ್ದರು. ಧೂಳಿನ ಮರೆಯಲ್ಲಿ, ಕಪ್ಪುಕುಳಿಯೊಂದರ ಸುತ್ತ ಉರಿಯುವ ಬೆಂಕಿಯೇ ಮೋಡವನ್ನು ಬೆಳಗಿಸುತ್ತದೆಂಬುದು ಅವಳ ವಾದ. ಹಾಗಿದ್ದರೆ ಕ್ಷ-ಕಿರಣದ ಚಿತ್ರದ ನಡುವೆ ಚುಕ್ಕೆಯೊಂದು ಇರಬೇಕಿತ್ತು. ಇರಲಿಲ್ಲ. ನಾಳೆ ಸಮಿತಿಯೆದುರು ಅದನ್ನು ತೋರಿಸಲಾಗದಿದ್ದರೆ ಮೂರು ವರ್ಷದ ವಾದವನ್ನು ಕೈಬಿಡಬೇಕು.

ಅವಳ ತಂದೆ ಹುಲಿಗೆಪ್ಪ ಅದೇ ಆವರಣದ ಹೊಸ ಕಟ್ಟಡದ ಗೋಡೆಗಳಿಗೆ ಗಿಲಾವು ಮಾಡುತ್ತಿದ್ದ. ಊಟದ ಹೊತ್ತಿಗೆ ರೊಟ್ಟಿಯ ಗಂಟು ಹಿಡಿದು ಬಂದವನು ಪರದೆಯತ್ತ ಬಗ್ಗಿ ನೋಡಿದ.

“ಭಾಳ ಸಾಪ್ ಅದಲ್ಲ.”

“ನಾನಾ ಮಾಡೀನಿ ಯಪ್ಪಾ. ಬ್ಯಾರೆ ಚಿಕ್ಕಿಗೋಳ ಬೆಳಕು ಮೋಡದಾಗ ಕೂಡಬಾರದಂತ ಚುಕ್ಕಿ ಎಲ್ಲಾ ತಗದೀನಿ.”

“ನನ್ನ ಮಗಳು ಹೌದು. ಸಣ್ಣಾಕಿದ್ದಾಗ ದೌಂಡದ ಕೆಲಸಕ್ಕ ನನ್ನ ಕೂಡ ಬಂದು ಹಿಂಗಾ ಉಜ್ಜಿ ಉಜ್ಜಿ, ಗ್ವಾಡ್ಯಾಗಿನ ದೀಪದ ವಾಯರಿನ ಪೆಟಗಿನೂ ಗಿಲಾವಿನಾಗ ಮುಚ್ಚಿದ್ದಿ. ಮಾಲಕ ಮೂರು ದಿನ ಗ್ವಾಡಿ ಬಡದು ಹುಡುಕಿದ.”

ಶಿವಕಾಂತಾಳ ಕೈಯ ತುತ್ತು ಕೈಯಲ್ಲೇ ಉಳಿಯಿತು. ಕಂಡ ಚುಕ್ಕೆಯನ್ನೆಲ್ಲ ಅಳಿಸುವಂತೆ ಕಂಪ್ಯೂಟರಿಗೆ ಹೇಳಿದವಳು ಅವಳೇ. ನಡುವಿನದನ್ನು ಬಿಡಬೇಕೆಂದು ಹೇಳಿರಲೇ ಇಲ್ಲ. ಏನನ್ನೂ ಅಳಿಸದ ಮೂಲ ಚಿತ್ರವನ್ನು ತೆರೆದಳು. ಮೋಡದ ಎದೆಯಲ್ಲಿ, ದೂರದರ್ಶಕಕ್ಕೆ ಸಿಕ್ಕ ಒಂಬತ್ತೇ ಕ್ಷ-ಕಿರಣಗಳ ಸಣ್ಣದೊಂದು ಚುಕ್ಕೆ. ಖಾಲಿ ಆಕಾಶವಾಗಿದ್ದರೆ ಅಷ್ಟು ಜಾಗದಲ್ಲಿ ಒಂದೂ ಬರುವುದು ಕಷ್ಟ.

ಮರುದಿನ ಸಮಿತಿಯ ಮುಖ್ಯಸ್ಥ, ಧಾರವಾಡದ ಕಡೆಯ ಮಧುಕರ, ಕನ್ನಡಕ ಸರಿಸಿ ಕೇಳಿದ: “ಮೊನ್ನೆ ನೀವು ಕಳಿಸಿದ ಚಿತ್ರದಾಗ ಇರಲಾರದ್ದು ಇವತ್ತು ಹುಟ್ಟಿತೇನ್ರಿ?”

“ಇತ್ತು ಸರ್. ನಾನಾ ಅಳಿಸಿದ್ದೆ.” ಎರಡೂ ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟಳು.

“ಒಂಬತ್ತು ಕಿರಣಕ್ಕ ಇಷ್ಟು ದೊಡ್ಡ ಮೋಡ ಬೆಳಗತದೇನು?”

“ಧೂಳು ದಾಟಿ ನಮಗ ಮುಟ್ಟಿದ್ದಷ್ಟಾ ಒಂಬತ್ತು. ಮೋಡಕ್ಕ ಮುಟ್ಟಿದ್ದು ಇಲ್ಲಿ ಲೆಕ್ಕ ಮಾಡೀನಿ. ಸಾಲತದರಿ.”

ಅವನು ಆ ಪುಟವನ್ನು ಎರಡು ಸಲ ಓದಿದ. “ಉಳದ ಮೋಡಗೋಳನ್ನೂ ಹಿಂಗಾ ತೊಳದೀರೇನು?”

“ಹೌದ್ರಿ. ಹನ್ನೊಂದೂ.”

“ಹಂಗಾದ್ರ ನಿಮ್ಮ ಕೆಲಸ ಈಗ ಶುರುವಾತು. ಹೋಗ್ರಿ, ಮಾಡ್ರಿ.”

ಹೊರಗೆ ಹುಲಿಗೆಪ್ಪ, ಸಿಮೆಂಟು ಒಳಹೋಗದಂತೆ, ದೀಪದ ಪೆಟ್ಟಿಗೆಯ ಬಾಯಿಗೆ ಕಾಗದ ತುರುಕುತ್ತಿದ್ದ.

“ಪೆಟಗಿ ಸಿಕ್ಕಿತೇನವಾ?”

“ಒಂದು ಸಿಕ್ಕದ ಯಪ್ಪಾ,” ಎಂದಳು, ಮೆಟ್ಟಿಲಿಳಿಯುತ್ತಲೇ. “ಇನ್ನ ಹನ್ನೊಂದು ಗ್ವಾಡಿ ಕೆರೀಬೇಕು.”