ಬಾರದವರ ಗುಡ್ಡೆ

"ಏ ಹೇಮಾವತಿ, ಚಪ್ಪಲಿ ಹೊರಗ ಬಿಡು ಅಂತ ನಿನ್ನೆನೂ ಹೇಳಿದ್ದೆ. ಟೈಲ್ಸ್ ನೋಡು, ನಿಮ್ಮ ಗಣಿಯೆಲ್ಲಾ ಇಲ್ಲೇ ತಂದು ಸುರದಿ."

ಫೈನಾನ್ಸ್ ಮ್ಯಾನೇಜರ್ ಮಧ್ವೇಶ ಸರ್ ಹೀಗಂದದ್ದು ನಾನು ಇಂಟರ್ನ್‌ಶಿಪ್ಪಿಗೆ ಸೇರಿದ ಮೂರನೆಯ ದಿನ. ಆ ಆಫೀಸಿನಲ್ಲಿ ಏಳು ಜನ ಬೂಟು ಹಾಕಿಕೊಂಡೇ ಓಡಾಡುತ್ತಿದ್ದರು. ಅವತ್ತಿನಿಂದ ಬರಿಗಾಲಲ್ಲಿ ಓಡಾಡಿದವಳು ನಾನೊಬ್ಬಳೇ. 'ನಿಮ್ಮ ಗಣಿ' ಅಂದದ್ದಕ್ಕೆ ನಗು ಬಂತು. ಗಣಿ ನಮ್ಮದಾಗಿದ್ದರೆ ನನ್ನವ್ವ ತಾಯಕ್ಕ ಪಾಪಿನಾಯಕನಹಳ್ಳಿ ಹತ್ತಿರ ಇದೇ ಕಂಪನಿಯ ಯಾರ್ಡಿನಲ್ಲಿ ಅದಿರು ಒಡೆಯಲು ಯಾಕೆ ಹೋಗುತ್ತಿದ್ದಳು?

ಚೀನಾದವರು ನಮ್ಮ ಅದಿರಿಗೆ ಮುಗಿಬಿದ್ದಿದ್ದ ವರ್ಷ ಅದು. ನಾನು ಹೊಸಪೇಟೆಯಲ್ಲಿ ಎಂ.ಬಿ.ಎ. ಓದುತ್ತಿದ್ದೆ. ನಮ್ಮ ಕೇರಿಯಲ್ಲಿ ಅಷ್ಟು ಓದಿದವರು ಯಾರೂ ಇರಲಿಲ್ಲ. ಆರು ವಾರ ಕಂಪನಿಯಲ್ಲಿ ದುಡಿದು, ಒಂದು ರಿಪೋರ್ಟು ಬರೆದು, ಮ್ಯಾನೇಜರ್ ಸಹಿ ಮಾಡಿದ ಸರ್ಟಿಫಿಕೇಟು ತಂದರಷ್ಟೇ ಪರೀಕ್ಷೆಗೆ ಕೂರಿಸುತ್ತಿದ್ದರು. ಮೊದಲ ಎರಡು ವಾರ ಬರೀ ಜೆರಾಕ್ಸ್ ಮಾಡಿಸಿದರು. ಚಹಾದ ಲೋಟಗಳನ್ನು ಮಾತ್ರ ನನ್ನ ಕೈಗೆ ಕೊಡುತ್ತಿರಲಿಲ್ಲ. ಯಾಕೆಂದು ನಾನೂ ಕೇಳಲಿಲ್ಲ.

ಮೂರನೆಯ ವಾರ ಮಧ್ವೇಶ ಸರ್ ಕರೆದರು.

"ಯಾರ್ಡಿನಾಗ ಟನ್ನಿಗೆ ಎಷ್ಟು ಕೂಲಿ ಬೀಳ್ತದ, ಅದರ ಮ್ಯಾಲ ರಿಪೋರ್ಟು ಬರಿ. ನಮ್ಮ ಹುಡುಗರು ಹೋದ್ರ ಆ ಹೆಂಗಸರು ಬಾಯಿ ಬಿಡಂಗಿಲ್ಲ. ನೀ ಅವರ ಪೈಕಿ, ನಿನ್ನ ಮುಂದ ಬಿಡ್ತಾರ."

ನನಗೋ ಹಿಗ್ಗೇ ಹಿಗ್ಗು. ಅವ್ವನ ಕೆಲಸ ಕಂಪನಿಯ ಕಾಗದದಲ್ಲಿ ಬರುತ್ತದಲ್ಲ.

ಯಾರ್ಡಿನ ಹಾಜರಿಯಲ್ಲಿ ಮೂವತ್ತು ಹೆಂಗಸರ ಹೆಸರಿತ್ತು. ಬೆಳಗ್ಗೆ ಏಳಕ್ಕೆ ಸುತ್ತಿಗೆ ಹಿಡಿದರೆ ಸಂಜೆಯೊಳಗೆ ಒಬ್ಬೊಬ್ಬಳು ಮೂವತ್ತು ಪುಟ್ಟಿ, ಅಂದರೆ ಬುಟ್ಟಿ, ಅದಿರು ಒಡೆದು ತನ್ನ ಗುಡ್ಡೆ ಹಾಕಬೇಕು. ಗುಡ್ಡೆ ಇದ್ದರೆ ಹಾಜರಿ, ಹಾಜರಿ ಇದ್ದರೆ ಎಪ್ಪತ್ತು ರೂಪಾಯಿ. ಮೂರು ದಿನ ಗುಡ್ಡೆ ಕಾಣದಿದ್ದರೆ ಹೆಸರು ಹೊಡೆದುಹಾಕುತ್ತಿದ್ದರು. ನಾನು ಎಣಿಸಿದ ದಿನ ಹೆಂಗಸರು ಇಪ್ಪತ್ತೇಳು ಇದ್ದರು, ಗುಡ್ಡೆ ಮೂವತ್ತು ಇದ್ದವು.

ನನ್ನನ್ನು ಎತ್ತಿ ಆಡಿಸಿದ ದ್ಯಾಮಕ್ಕ ನಕ್ಕಳು. "ಇಬ್ಬರಿಗೆ ಮೈಯಾಗ ಆರಾಮಿಲ್ಲ, ಹೊಳೆಮ್ಮ ಹಡದಾಳವ್ವ. ಬಾಣಂತಿ ಬಂದು ಕಲ್ಲು ಒಡಿತಾಳೇನ? ನಾವು ಒಬ್ಬೊಬ್ಬರು ಮೂರ್ನಾಕು ಪುಟ್ಟಿ ಜಾಸ್ತಿ ಒಡದು ಬಾರದವರ ಗುಡ್ಡಿ ಏರಿಸ್ತೀವಿ. ನನ್ನ ಬೆರಳು ಜಜ್ಜಿದಾಗ ನನ್ನದು ಏರಿಸಿದ್ರು. ನಿಮ್ಮವ್ವ ಜ್ವರ ಬಂದು ಬಿದ್ದಾಗ ಒಂಬತ್ತು ದಿನ ನಾವ ಏರಿಸಿದ್ವಿ. ಮೇಸ್ತ್ರಿ ಗುಡ್ಡಪ್ಪಗ ಗೊತ್ತೈತಿ, ಸುಮ್ಮನಿರ್ತಾನ."

ಉದಾಹರಣೆ ಕೊಟ್ಟರೆ ಹೆಸರು, ತಾರೀಖಿನ ಸಮೇತ ಕೊಡಬೇಕೆಂದು ಕಾಲೇಜಿನಲ್ಲಿ ಕಲಿಸಿದ್ದರು. ಕೊಟ್ಟೆ. ಮೂರು ಹೆಸರು. ಕಾರ್ಮಿಕರ ಪರಸ್ಪರ ಸಹಕಾರ ಎಂದು ಇಂಗ್ಲಿಷಿನಲ್ಲಿ ತಲೆಬರಹ ಹಾಕಿ ಎರಡು ಪುಟ ಬರೆದೆ. ರಿಪೋರ್ಟಿನಲ್ಲಿ ಅದೇ ಚೆನ್ನಾಗಿ ಬಂದಿದೆ ಎಂದುಕೊಂಡಿದ್ದೆ. ಓದಿ ಓದಿ ನನ್ನ ತಲೆಯಲ್ಲಿ ಮಣ್ಣು ತುಂಬಿತ್ತು.

ಮಧ್ವೇಶ ಸರ್ ಅದನ್ನು ಎರಡು ಸಲ ಓದಿದರು. ಮೊದಲ ಬಾರಿಗೆ ನನಗೆ ಕೂತುಕೋ ಎಂದರು.

"ಅಂದ್ರ ಮೂವತ್ತು ಮಂದಿ ಕೆಲಸ ಇಪ್ಪತ್ತೇಳು ಮಂದಿ ಮಾಡ್ತಾರ."

"ಹಂಗಲ್ರಿ ಸರ್, ಒಬ್ಬರಿಗೊಬ್ಬರು..."

"ಮಾಡ್ತಾರೋ ಇಲ್ಲೋ?"

"ಮಾಡ್ತಾರ್ರಿ."

"ಮತ್ತ ಉಳಿದ ಮೂರು ಮಂದಿ ಯಾಕ ಬೇಕು? ನೀ ಬರದ ಈ ಮೂರು ಹೆಸರ ತಗದ್ರಾತು. ನಮ್ಮ ಆಡಿಟರಿಗೆ ಸಿಗದಿದ್ದು ನೀ ಹಿಡದಿ ನೋಡು."

ಆ ಮೂವರಲ್ಲಿ ಒಬ್ಬಳು ನನ್ನವ್ವ ಎಂದೆ. ಆ ಪುಟ ಹರಿದುಬಿಡುತ್ತೇನೆ, ಸುಳ್ಳು ಬರೆದೆನೆಂದು ಬೇಕಾದರೆ ಬರೆದುಕೊಡುತ್ತೇನೆ ಎಂದು ಕಾಲು ಹಿಡಿಯಲು ಬಗ್ಗಿದೆ. ಅವರು ಕುರ್ಚಿ ಹಿಂದಕ್ಕೆ ಸರಿಸಿಕೊಂಡರು.

"ಮುಟ್ಟಬ್ಯಾಡ. ಸುಳ್ಳು ಬರದಿ ಅಂದ್ರ ಸರ್ಟಿಫಿಕೇಟು ಹೆಂಗ ಕೊಡ್ಲಿ?"

ಕೊನೆಯ ದಿನ ಜೀಪಿನಲ್ಲಿ ಯಾರ್ಡಿಗೆ ಕರೆದೊಯ್ದು ನನ್ನ ಕೈಗೆ ಒಂದು ಹಾಳೆ ಕೊಟ್ಟರು. "ನೀನ ಓದು. ನಾ ಓದಿದ್ರ ಗಲಾಟಿ ಮಾಡ್ತಾರ."

ಸುತ್ತಿಗೆಗಳು ನಿಂತವು. ಹಾಜರಿ ಕರೆಯುತ್ತಾರೆಂದು ಹೆಂಗಸರು ತಿಳಿದರು.

"ಹೊಳೆಮ್ಮ."

"ಬಂದೀನ್ರಿ." ಬಾಣಂತನದ ನಂತರ ಅವಳು ಬಂದದ್ದು ಅವತ್ತೇ. ಕೂಸು ಬೇವಿನ ಮರದ ಜೋಳಿಗೆಯಲ್ಲಿತ್ತು.

"ದ್ಯಾಮಕ್ಕ."

"ಇಲ್ಲೇ ಅದೀನಲ್ಲವ್ವ, ಕಾಣಂಗಿಲ್ಲೇನ ನಿನಗ?"

ಮೂರನೆಯ ಹೆಸರು ಓದದೆ ಹಾಳೆ ಮಡಚಿದೆ. ಮಧ್ವೇಶ ಸರ್ ಹಿಂದಿನಿಂದ ಹೇಳಿದರು, "ಇನ್ನೊಂದದ."

"ತಾಯಕ್ಕ."

"ಬಂದೀನ್ರಿ," ಅಂದಳು ಅವ್ವ, ಹೆತ್ತ ಮಗಳಿಗೆ.

ಈ ಮೂವರು ನಾಳೆಯಿಂದ ಬರಬೇಡಿ ಎಂದು ಗುಡ್ಡಪ್ಪ ನೆಲ ನೋಡುತ್ತ ಹೇಳಿದ. ಉಳಿದವರು ಇನ್ನು ಮೇಲೆ ಮೂವತ್ತನಾಲ್ಕು ಪುಟ್ಟಿ ಹಾಕಬೇಕು ಎಂದ.

ದ್ಯಾಮಕ್ಕ ಗುಡ್ಡಪ್ಪನ ಮೇಲೆ ಏರಿಹೋದಳು. "ಲೇ ಬಾಡ್ಕೋ, ಹಾಜರಿ ಹಾಕಿದಾಂವ ನೀನ ಅಲ್ಲೇನಲೇ? ನಿನ್ನ ಹೆಣಾ ಎತ್ಲಿ." ಆಮೇಲೆ ನನ್ನತ್ತ ತಿರುಗಿದಳು. ದನಿ ತಗ್ಗಿತ್ತು. "ಹೇಮೀ, ಮನಿ ಮಗಳಂತ ನಿನಗ ಹೇಳಿದ್ದಲೇ. ಈ ಸೂಳೆಮಕ್ಕಳಿಗೆ ಹೇಳಿದ್ದಲ್ಲ."

ಉಳಿದ ಇಪ್ಪತ್ತೇಳು ಜನ ಮತ್ತೆ ಸುತ್ತಿಗೆ ಎತ್ತಿಕೊಂಡರು. ಹೆಸರು ಓದಿದ ಬಾಯಿ ನನ್ನದು.

ಮಧ್ವೇಶ ಸರ್ ಜೀಪಿನ ಬಾನೆಟ್ಟಿನ ಮೇಲೆ ಸರ್ಟಿಫಿಕೇಟು ಇಟ್ಟು ಸಹಿ ಮಾಡಿ, ತುದಿ ಹಿಡಿದು ಚಾಚಿದರು. ನಾನು ಕೈ ಹಿಂದಕ್ಕೆ ಕಟ್ಟಿಕೊಂಡೆ. ಅವ್ವ ಸೆರಗಿನಿಂದ ಮುಖದ ಕೆಂಧೂಳು ಒರೆಸಿಕೊಂಡು ಹತ್ತಿರ ಬಂದಳು.

"ಇಸ್ಕೋ," ಅಂದಳು. "ಇದೂ ಇಲ್ದಂಗ ಮನಿಗೆ ಬರ್ತೀಯೇನ?"

ಎರಡೂ ಕೈ ಚಾಚಿ ಇಸಿದುಕೊಂಡೆ. ಥ್ಯಾಂಕ್ಯೂ ಸರ್ ಎಂದೆ.