ಉಪಮೇಯರರ ಹುಬ್ಬು

ಪನಾಯ್ ದ್ವೀಪದ ಆ ಬಂದರು ಪಟ್ಟಣದಲ್ಲಿ ಹಚ್ಚೆ ಬಣ್ಣದಿಂದ ತೋಳು ಊದಿಸಿಕೊಂಡವರು ಬೇಕಾದಷ್ಟು ಮಂದಿ ಇದ್ದರು. ಆದರೆ ಅವರೆಲ್ಲ ಮೀನು ಹೊರುವವರು, ತ್ರಿಚಕ್ರ ಓಡಿಸುವವರು. ಅಂಥವರ ತೋಳು ಎಷ್ಟು ಊದಿದರೂ ಪುರಸಭೆಗೆ ಕಾಣುವಷ್ಟು ದಪ್ಪವಾಗುವುದಿಲ್ಲ. ಸಂತೆಯಲ್ಲಿ ಹೆಸರಿಲ್ಲದ ಸೀಸೆಗಳಲ್ಲಿ ಮಾರುವ ಬಣ್ಣವೇ ಇದಕ್ಕೆ ಕಾರಣವೆಂದು, ಎಲ್ಲರೂ ಮಾನಾಂಗ್, ಅಂದರೆ ಅಕ್ಕ, ಎಂದು ಕರೆಯುವ ಹಚ್ಚೆ ಅಂಗಡಿಯ ಎರ್ಲಿಂದಾ ಆರೋಗ್ಯ ಕಚೇರಿಗೆ ಹೇಳಿ ಹೇಳಿ ಸೋತಿದ್ದಳು. ಅಲ್ಲಿನ ಇನ್‌ಸ್ಪೆಕ್ಟರ್ ಎಲ್ಪಿದ್ಯೊ ಪ್ರತಿ ಸಲವೂ ಬಹಳ ಮರ್ಯಾದೆಯಿಂದ ತಲೆಯಾಡಿಸಿ ಕಳಿಸುತ್ತಿದ್ದ.

ಅಷ್ಟರಲ್ಲಿ ಉಪಮೇಯರ್ ಕ್ರಿಸಾಂತೊ, ಚುನಾವಣೆಯ ಪೋಸ್ಟರಿನಲ್ಲಿ ಎಳೆಯರಾಗಿ ಕಾಣಲೆಂದು ಹುಬ್ಬಿಗೆ ಹಚ್ಚೆ ಹಾಕಿಸಿಕೊಂಡರು. ಅದೇ ಸಂತೆಯ ಬಣ್ಣ. ಹುಬ್ಬುಗಳು ಬೆಂದ ಸೀಗಡಿಯ ಹಾಗೆ ಕೆಂಪಗೆ ಊದಿದವು. ಸಾರ್ವಜನಿಕರ ಆರೋಗ್ಯ ಅಪಾಯದಲ್ಲಿದೆ ಎಂಬುದು ಪುರಸಭೆಗೆ ಆಗ ಹೊಳೆಯಿತು. ಪರೀಕ್ಷೆಯಾಗದ ಬಣ್ಣವನ್ನೆಲ್ಲ ಜಪ್ತಿ ಮಾಡಬೇಕೆಂದು ಆ ವಾರವೇ ಅಪ್ಪಣೆಯಾಯಿತು.

ಎಲ್ಪಿದ್ಯೊ ನೆಟ್ಟಗೆ ಎರ್ಲಿಂದಾಳ ಅಂಗಡಿಗೆ ಬಂದ.

"ನನ್ ಅಂಗಡೀಗ್ಯಾಕಪ್ಪಾ? ದೂರು ಕೊಟ್ಟೋಳೇ ನಾನಲ್ವಾ?"

"ಅದಕ್ಕೇ ಮಾನಾಂಗ್. ಲೈಸೆನ್ಸ್ ಇರೋದು ನಿಮಗೊಬ್ರಿಗೇ. ಲೈಸೆನ್ಸ್ ಇಲ್ದೋರನ್ನ ತಪಾಸಣೆ ಮಾಡೋ ಅಧಿಕಾರ ನಮಗಿಲ್ಲ."

"ಪರೀಕ್ಷೆ ಎಲ್ಲಿ ಮಾಡಿಸ್ತೀಯ?"

"ಮನಿಲಾದಲ್ಲಿ. ಅದಕ್ಕೆ ಸಭೆ ಸೇರಿ ಹಣ ಮಂಜೂರು ಮಾಡ್ಬೇಕು. ಸಭೆ ನಡೆಸೋರು ಉಪಮೇಯರು. ಅವ್ರು ಹೊರಗೆ ಬರ್ಬೇಕಂದ್ರೆ ಮೊದ್ಲು ಹುಬ್ಬು ಇಳೀಬೇಕು."

ಎರ್ಲಿಂದಾಳಿಗೆ ಸಿಟ್ಟಿಗಿಂತ ನಗುವೇ ಬಂತು. ಖಾಲಿಯಾದ ಕಪಾಟು ನೋಡಿದ ಮೇಲೆ ನಗುವೂ ನಿಂತಿತು.

ಮರುವಾರ ಉಪಮೇಯರೇ ಕಪ್ಪು ಕನ್ನಡಕ ಹಾಕಿಕೊಂಡು ಹಿಂಬಾಗಿಲಿನಿಂದ ಬಂದರು.

"ಇದರ ಮೇಲೆ ಒಳ್ಳೇ ಬಣ್ಣ ಹಾಕಿ ಮುಚ್ಚಿಬಿಡಿ ಮಾನಾಂಗ್. ಶನಿವಾರ ಭಾಷಣ ಇದೆ."

"ಒಳ್ಳೇ ಬಣ್ಣ ನಿಮ್ಮ ಕಚೇರೀಲೇ ಇದೆ ಸಾರ್."

ಅವರು ಅಲ್ಲಿಂದಲೇ ಫೋನ್ ಮಾಡಿದರು. ಮನಿಲಾಕ್ಕೆ ಹೋಗಬೇಕಿದ್ದ ಪೆಟ್ಟಿಗೆ ಕಾಫಿ ಆರುವುದರೊಳಗೆ ಬಂದು ಮುಟ್ಟಿತು. ಪ್ರತಿ ಸೀಸೆಯ ಮೇಲೂ 'ಪರೀಕ್ಷಿಸಲಾಗಿದೆ' ಎಂಬ ಹಸಿ ಮುದ್ರೆ.

ಎರ್ಲಿಂದಾ ಅವರ ಕನ್ನಡಕ ತೆಗೆಸಿ ನೋಡಿದಳು. ಕೀವು ಜಿನುಗುತ್ತಿತ್ತು. ಒಂದು ಕ್ಷಣ ಪಾಪ ಅನ್ನಿಸಿತು.

"ಈಗ ಸೂಜಿ ತಾಗಿಸಿದ್ರೆ ಕಣ್ಣಿಗೇ ಕುತ್ತು. ಚರ್ಮದ ಡಾಕ್ಟ್ರ ಹತ್ರ ಹೋಗಿ. ನಾನಂತೂ ಮುಟ್ಟಲ್ಲ."

"ನಾನ್ಯಾರು ಅಂತ ಗೊತ್ತಲ್ಲ?"

"ನನಗೆ ಗೊತ್ತು ಸಾರ್. ನಿಮ್ಮ ಚರ್ಮಕ್ಕೆ ಗೊತ್ತಿಲ್ಲ."

ಅವರು ಮುಖ ಗಂಟಿಕ್ಕಿಕೊಂಡು ಡಾಕ್ಟರ ಬಳಿಗೇ ಹೋದರು. ಎರಡು ತಿಂಗಳು ಸಭೆ ಸೇರಲಿಲ್ಲ. ಸಂತೆಯ ವ್ಯಾಪಾರಕ್ಕೆ ಅದರಿಂದ ಏನೂ ತೊಂದರೆಯಾಗಲಿಲ್ಲ.

ಒಂದು ಸಂಜೆ ಎಲ್ಪಿದ್ಯೊ ಮಗಳನ್ನು ಕರೆದುಕೊಂಡು ಬಂದ. ಹುಡುಗಿಯ ಮುಂಗೈ ಊದಿತ್ತು.

"ಎಲ್ಲಿ ಹಾಕಿಸ್ಕೊಂಡ್ಳು?"

"ಸಂತೇಲಿ," ಎಂದ ಅವನು, ನೆಲ ನೋಡುತ್ತ.

ಎರ್ಲಿಂದಾ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವಳ ಕೈಯನ್ನು ಬೆಳಕಿಗೆ ಹಿಡಿದಳು.