ಕಂಡಕ್ಟರ್ ಹಿಡಿದ ಗುರುತು

ನನ್ನ ತಮ್ಮನನ್ನು ಜೈಲಿಗೆ ಕಳಿಸಿದ್ದು ಒಬ್ಬ ಬಸ್ ಕಂಡಕ್ಟರ್. ಅವನ ಕಣ್ಣಿಗೆ ಮಣ್ಣು ಬೀಳಲಿ ಅಂತ ನಾನು ಶಪಿಸದ ದಿನವಿಲ್ಲ. ನನ್ನ ಬಾಯಿ ಒಳ್ಳೆಯದಲ್ಲ, ಗೊತ್ತಿದೆ. ನನ್ನ ಜಾಗದಲ್ಲಿ ನೀವಿದ್ದಿದ್ದರೂ ಹಾಗೇ ಅನ್ನುತ್ತಿದ್ದಿರಿ.

ಆ ಸಂಜೆ ಬಸ್ ಸ್ಟ್ಯಾಂಡಿನ ಔಷಧಿ ಅಂಗಡಿಯವನನ್ನು ಯಾರೋ ಕಬ್ಬಿಣದ ರಾಡಿನಿಂದ ಹೊಡೆದು ಓಡಿಹೋದರು. ಕಂಡಕ್ಟರ್ ತನ್ನ ಬಸ್ಸಿನ ಮೆಟ್ಟಿಲ ಮೇಲಿಂದ ಅದನ್ನು ನೋಡಿದ. ಹೊಲಿಗೆ ಮೆಷಿನ್ ರಿಪೇರಿ ಮಾಡುವ ನನ್ನ ತಮ್ಮ ಅಲ್ಲೇ ಬಸ್ಸಿಗೆ ಕಾಯುತ್ತಿದ್ದ, ಹೆಗಲ ಚೀಲದ ತುಂಬ ಸ್ಪ್ಯಾನರ್, ಸುತ್ತಿಗೆ. ಪೊಲೀಸರಿಗೆ ಇನ್ನೇನು ಬೇಕು? ಎಳೆದುಕೊಂಡು ಹೋಗಿ ಹತ್ತು ಜನರ ಸಾಲಿನಲ್ಲಿ ನಿಲ್ಲಿಸಿದರು. ಕಂಡಕ್ಟರ್ ಬಂದವನೇ ತಮ್ಮನ ಮುಂದೆ ನಿಂತು "ಇವನೇ" ಅಂದ.

ಕೋರ್ಟಿನಲ್ಲಿ ನಮ್ಮ ವಕೀಲರು, "ಅಷ್ಟು ಖಾತ್ರಿಯಾಗಿ ಹೇಗೆ ಹೇಳ್ತೀರಿ?" ಅಂತ ಕೆಣಕಿದರು. ಅವನು ಎದೆಯುಬ್ಬಿಸಿ, "ತುಂಬಿದ ಬಸ್ಸಲ್ಲಿ ಯಾರು ಟಿಕೆಟ್ ತಗೊಂಡಿಲ್ಲ ಅಂತ ಮುಖ ನೋಡೇ ಹೇಳೋನು ಸ್ವಾಮಿ ನಾನು" ಅಂದ. ಜಡ್ಜ್ ತಲೆದೂಗಿದರು. ಆ ತಲೆದೂಗಿಗೆ ನನ್ನ ತಮ್ಮನ ಆರು ವರ್ಷ ಹೋಯಿತು. ಅಷ್ಟರೊಳಗೆ ಅಮ್ಮನೂ ಹೋದಳು, ಮಗ ಅಂಥವನಲ್ಲ ಅಂತ ಕಂಡ ಕಂಡವರಿಗೆ ಹೇಳುತ್ತಲೇ.

ಆಮೇಲೆ ಬೇರೆ ಯಾವುದೋ ಕೇಸಿನಲ್ಲಿ ಸಿಕ್ಕಿಬಿದ್ದವನೊಬ್ಬ ಇದೂ ತನ್ನದೇ ಕೆಲಸ ಅಂತ ಒಪ್ಪಿಕೊಂಡ. ತಮ್ಮ ಹೊರಗೆ ಬಂದ. ಬಂದು ಏನು ಮಾಡುವುದು? ಅವನ ಹಳೆಯ ವರ್ಕ್‌ಶಾಪಿನ ಓನರ್ ಬಾಗಿಲಲ್ಲೇ ನಿಲ್ಲಿಸಿ ನನಗೆ ಹೇಳಿದರು: "ಕೋರ್ಟು ಬಿಟ್ಟಿರಬಹುದು ತಾಯಿ. ಆದ್ರೆ ಆ ಮನುಷ್ಯ ಕಣ್ಣಾರೆ ಕಂಡೆ ಅಂದ್ನಲ್ಲ, ಬೆಂಕಿ ಇಲ್ಲದೆ ಹೊಗೆಯಾಡುತ್ತಾ? ಅವನೇ ಬಂದು ಇವನಲ್ಲ ಅನ್ನಲಿ, ನಾಳೆಯಿಂದಲೇ ಬರಲಿ ಕೆಲಸಕ್ಕೆ."

ಸರಿ, ಹೋದೆ ಕಂಡಕ್ಟರನ ಮನೆಗೆ. ಜಗಳಕ್ಕೆ ಸೊಂಟ ಕಟ್ಟಿಕೊಂಡೇ ಹೋಗಿದ್ದೆ. ಬಾಗಿಲು ತೆಗೆದದ್ದು ಒಬ್ಬ ಸೊರಗಿದ ಮುದುಕ. ನಾನು ಯಾರೆಂದು ಹೇಳಿದ ಕೂಡಲೇ ಕಣ್ಣಲ್ಲಿ ನೀರು ತಂದುಕೊಂಡ.

"ನಿಮ್ಮ ತಮ್ಮ ದಿನಾ ನನ್ನ ಬಸ್ಸಿಗೇ ಹತ್ತುತ್ತಿದ್ದನಂತಮ್ಮ. ಸಾಲಲ್ಲಿ ನೋಡಿದ ತಕ್ಷಣ ಈ ಮುಖ ಗೊತ್ತು ಅನ್ನಿಸ್ತು. ಎಲ್ಲಿಂದ ಗೊತ್ತು ಅಂತ ಯೋಚಿಸಲೇ ಇಲ್ಲ. ಕಡೇ ಸ್ಟಾಪಿಗೆ ಎಲ್ಲ ಮುಖಾನೂ ಮರೆತುಬಿಡೋರು ನಾವು, ಇಲ್ಲದಿದ್ರೆ ತಲೆ ಕೆಡುತ್ತೆ. ಅವನ ಮುಖ ಮಾತ್ರ ಈಗ ಕಣ್ಣು ಮುಚ್ಚಿದ್ರೆ ಬರುತ್ತೆ."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅದನ್ನು ಅವನ ಮುಖಕ್ಕೇ ಹೇಳಿದೆ. "ಬರ್ತೀನಮ್ಮ, ಅವನ ಕಾಲು ಹಿಡೀತೀನಿ" ಅಂದ.

ಮಾರನೇ ದಿನ ಬೆಳಿಗ್ಗೆ ಅವನನ್ನು ವರ್ಕ್‌ಶಾಪಿಗೆ ಕರೆದುಕೊಂಡು ಹೋದೆ. ಓನರ್ ಮೇಜಿನ ಹಿಂದೆ ಕೂತಿದ್ದರು. ಮೂವರು ಮೆಕ್ಯಾನಿಕ್‌ಗಳು ಮೆಷಿನ್ ಬಿಚ್ಚಿಕೊಂಡು ಕೆಲಸದಲ್ಲಿದ್ದರು. ಅವರಲ್ಲಿ ಕಿಟಕಿಯ ಹತ್ತಿರ ಕೂತವನು ತೀರಾ ಹೊಸಬ, ನನ್ನ ತಮ್ಮ ಜೈಲಿಗೆ ಹೋದ ಮೇಲೆ ಸೇರಿದವನು. ತಮ್ಮ ನಮಗಿಂತ ಮೊದಲೇ ಬಂದು, ಕೈ ಎಲ್ಲಿಡಬೇಕೆಂದು ತೋಚದೆ ಬಾಗಿಲ ಪಕ್ಕದ ಗೋಡೆಗೆ ಒರಗಿ ನಿಂತಿದ್ದ.

ಮುದುಕ ಒಳಗೆ ಬಂದ. ಎಲ್ಲರ ಮುಖ ಒಂದು ಸಲ ನೋಡಿದ. ಆಮೇಲೆ ನನ್ನ ತಮ್ಮನನ್ನು ದಾಟಿಕೊಂಡು ನೆಟ್ಟಗೆ ಕಿಟಕಿಯ ಹತ್ತಿರ ಹೋಗಿ, ಆ ಹೊಸಬನ ಎಣ್ಣೆ ಮೆತ್ತಿದ ಎರಡೂ ಕೈ ಹಿಡಿದುಕೊಂಡ.

"ತಪ್ಪಾಯ್ತಪ್ಪ. ನೀನಲ್ಲ ಅವತ್ತು ನಾನು ನೋಡಿದ್ದು. ನಿನ್ನ ಮುಖ ಒಂದು ದಿನಕ್ಕೂ ಮರೆತಿಲ್ಲ ಕಣಪ್ಪ" ಅಂತ ಗಳಗಳ ಅತ್ತ.

ಹೊಸಬ ಕಕ್ಕಾಬಿಕ್ಕಿಯಾಗಿ ಓನರ್ ಕಡೆ ನೋಡಿದ. ಓನರ್ ಮುದುಕನನ್ನು ನೋಡಿದರು, ಗೋಡೆಗೊರಗಿದ್ದ ನನ್ನ ತಮ್ಮನನ್ನು ನೋಡಿದರು. "ಅಯ್ಯೋ ದೇವರೇ" ಅಂತ ಮೆಲ್ಲಗೆ ಅಂದು, ಎದ್ದು ಬಂದು, ಖಾಲಿ ಸ್ಟೂಲೊಂದನ್ನು ಎಳೆದು ತಮ್ಮನ ಮುಂದಿಟ್ಟರು.

ಕೆಲಸ ಸಿಕ್ಕಿತು. ನನಗೆ ಮಾತ್ರ ಅಷ್ಟು ಸಾಲಲಿಲ್ಲ. ಆ ಮುದುಕನನ್ನು ಹಿಡಿದು ಇತ್ತ ತಿರುಗಿಸಬೇಕೆಂದು ಹೊರಟವಳ ಕೈಯನ್ನು ತಮ್ಮ ಗಟ್ಟಿಯಾಗಿ ಹಿಡಿದ.

"ಬಿಡಕ್ಕ. ಅತ್ತು ಹಗುರಾಗಲಿ."

"ಅದು ನಿನಗೆ ಸೇರಬೇಕಾದ ಮಾತು ಕಣೋ."

"ಆ ಮಾತಿಗೇ ಆರು ವರ್ಷ ಕಾದೆ" ಅಂದ. "ಆದ್ರೆ ಅವರು ನನ್ನನ್ನ ಯಾವತ್ತೂ ನೋಡೇ ಇಲ್ಲ ಅಕ್ಕ."